ಬಲಗೈ ಆಟ

ಮಾರ್ಕರ್ ಕಿರ್ ಎಂದಿತು, ಮಸಿ ಮುಗಿಯುತ್ತ ಬಂದ ಮಾರ್ಕರಿನ ಪಾಡೇ ಅಷ್ಟು, ಮಯೂರ್ ಅದನ್ನು ಎರಡು ಸಲ ಜಾಡಿಸಿ ಮತ್ತೆ ಬಿಳಿ ಬೋರ್ಡಿನ ಮೇಲೆ ಗೆರೆ ಎಳೆದ, ಹಿಂದಿನಿಂದ ಬಲಕ್ಕೆ, ಬಲದಿಂದ ಇನ್ನೂ ಬಲಕ್ಕೆ, ಅಲ್ಲೊಂದು ತ್ರಿಕೋನ, ತ್ರಿಕೋನದ ಮೂಲೆಯಿಂದ ಗೋಲಿನ ಬಾಯಿಗೆ ಒಂದು ಬಾಣ — ಬಾಣದ ತುದಿಯನ್ನೂ ನನ್ನ ಹಾಗೇ ಸ್ವಲ್ಪ ಸೊಟ್ಟ ಮಾಡಿದ್ದಾನಲ್ಲ ಹುಡುಗ, ಎಂದುಕೊಂಡ ರುದ್ರೇಶ, ಕುರ್ಚಿಯಲ್ಲಿ ಒಂದು ಮಂಡಿಯನ್ನು ಚಾಚಿ ಇನ್ನೊಂದನ್ನು ಮಡಚಿಕೊಂಡ, ಎರಡೂ ನೋಯುತ್ತವೆ, ಸರದಿಯ ಮೇಲೆ ನೋಯಲಿ. ಮೂವತ್ತು ವರ್ಷ ಲಂಡನ್ನಿನ ಮಂಡಿಗಳನ್ನೆಲ್ಲ ತೀಡಿ ನಡೆಸಿದ ಫಿಜಿಯೋಥೆರಪಿಸ್ಟ್, ಸ್ವಂತ ಮಂಡಿಗೆ ಮಾತ್ರ ಬಿಸಿನೀರಿನ ಚೀಲ, ಅದನ್ನೂ ಹೆಂಡತಿ ವಿಜಯಾ ನೆನಪಿಸಬೇಕು. ಮೇ ತಿಂಗಳಲ್ಲೂ ಈ ಕೋಣೆಯ ಹೀಟರ್ ಉರಿಯುತ್ತಿದೆ, ಆರಿಸುವ ಗುಂಡಿ ಎಲ್ಲಿದೆ ಎಂದು ಈ ಕಾಲೇಜಿನಲ್ಲಿ ಯಾರಿಗೂ ಗೊತ್ತಿಲ್ಲ, ಇಮೇಲ್ ಮಾಡಬೇಕಂತೆ, ಮಾಡಿದರೆ ಅಕ್ಟೋಬರಿನಲ್ಲಿ ಬಂದು ಆರಿಸಿ ಹೋಗುತ್ತಾರೆ, ಆಗ ಚಳಿ. ಕಿಟಕಿಯಾಚೆ ಸ್ಟ್ರಾಟ್‌ಫರ್ಡಿನ ದೊಡ್ಡ ಮಾಲಿನ ಹಿಂಬದಿ, ಅದರಾಚೆ ಒಲಿಂಪಿಕ್ ಪಾರ್ಕಿನ ಮರಗಳು, ನೆಟ್ಟಾಗ ಕಡ್ಡಿಯಂತಿದ್ದವು, ಈಗ ನೆರಳು ಕೊಡುತ್ತವೆ, ಕಾಲ ಹೀಗೆಲ್ಲ ಹೋಗಿದೆ. ಮೇಜಿನ ಸುತ್ತ ಐದು ಜನ, ಕ್ರೀಡಾ ವಿಭಾಗದ ಮುಖ್ಯಸ್ಥೆ ಫಿಯೋನಾ, ಮಾನವ ಸಂಪನ್ಮೂಲದ ಹೆಂಗಸು, ಹಳೆಯ ವಿದ್ಯಾರ್ಥಿಗಳ ಪ್ರತಿನಿಧಿ, ಈಗಿನ ತಂಡದ ನಾಯಕ, ಮತ್ತು ತಾನು, ಹತ್ತೊಂಬತ್ತು ವರ್ಷ ಈ ಕಾಲೇಜಿನ ಫುಟ್‌ಬಾಲ್ ಕೋಚ್ ಆಗಿದ್ದು ಇವತ್ತು ತನ್ನ ಜಾಗಕ್ಕೆ ಇನ್ನೊಬ್ಬರನ್ನು ಕೂರಿಸಲು ಬಂದವನು. ಇಬ್ಬರೇ ಉಳಿದಿದ್ದಾರೆ, ಮೊದಲು ಮಯೂರ್, ಆಮೇಲೆ ತನ್ಮಯಿ. ಲಂಡನ್ನಿನಲ್ಲಿ ಕೋಟಿಗಟ್ಟಲೆ ಜನ, ಕೊನೆಗೆ ಉಳಿದ ಎರಡೂ ಹೆಸರು ನಮ್ಮ ಯುಗಾದಿ ಊಟದ ಪಂಕ್ತಿಯವು, ಯಾವನೋ ನೋಡಿದರೆ ಇದೇನು ಸಟನ್ ಕನ್ನಡ ಕೂಟದ ಚುನಾವಣೆಯೇ ಎಂದಾನು. ಅಭ್ಯರ್ಥಿಗಳನ್ನು ಬಲ್ಲಿರಾ ಎಂದು ಅವರು ಕೊಟ್ಟ ಫಾರಂ ಕೇಳಿತ್ತು, ಇಬ್ಬರನ್ನೂ ಬಲ್ಲೆ ಎಂದು ಬರೆದ, ಹೇಗೆ ಎಂಬ ಮುಂದಿನ ಖಾನೆ ಅಂಗೈಯಗಲವೂ ಇರಲಿಲ್ಲ, ಅದರಲ್ಲಿ ಏನು ತಾನೇ ಹಿಡಿಸೀತು.

ಬಲಗೈ ಆಟ ಎಂಬ ಹೆಸರು ಬಂದದ್ದು ಈಸ್ಟ್ ಹ್ಯಾಮಿನಲ್ಲಿ, ಹೈ ಸ್ಟ್ರೀಟ್ ನಾರ್ತ್‌ನ ಒಂದು ಹೋಟೆಲಿನಲ್ಲಿ, ಮೊದಲ ವರ್ಷ ಮೊದಲ ಪಂದ್ಯ ಗೆದ್ದ ಬುಧವಾರದ ಸಂಜೆ — ಇಲ್ಲಿ ಕಾಲೇಜು ಪಂದ್ಯಗಳೆಲ್ಲ ಬುಧವಾರ ಮಧ್ಯಾಹ್ನವೇ — ಹದಿನಾಲ್ಕು ಹುಡುಗರನ್ನು ಬಾಳೆಲೆಯ ಮುಂದೆ ಕೂರಿಸಿದ್ದ, ಅವರಲ್ಲಿ ಪೋಲೆಂಡಿನ ಗೋಲ್‌ಕೀಪರ್ ಎಡಗೈಯಲ್ಲಿ ಉಪ್ಪಿನಕಾಯಿ ಬಟ್ಟಲು ದಾಟಿಸಿದಾಗ ಬಡಿಸುವವನ ಮುಖ ಹುಳ್ಳಗಾಯಿತು, ರುದ್ರೇಶ ನಗುತ್ತ ಹೇಳಿಕೊಟ್ಟ, ನಮ್ಮಲ್ಲಿ ಕೊಡುವುದು, ತೆಗೆದುಕೊಳ್ಳುವುದು, ಉಣ್ಣುವುದು ಎಲ್ಲ ಬಲಗೈಯಲ್ಲೇ, ಎಡಗೈ ಎಲೆಯ ಪಕ್ಕದಲ್ಲಿ ತೆಪ್ಪಗೆ ಕೂತಿರಬೇಕು. ಹುಡುಗರು ಹೋ ಎಂದು ನಕ್ಕರು, ಓ, ಹಾಗಾದರೆ ನಮ್ಮ ಆಟವೂ ಅದೇ, ಕೋಚ್ ಊಟ ಮಾಡಿದ ಹಾಗೇ ಆಡಿಸುತ್ತಾನೆ ಎಂದರು, ಅಲ್ಲಿಂದ ಅದು ಬಲಗೈ ಆಟವಾಯಿತು. ನಾಲ್ಕು ಜನ ಬಲಗಡೆ ಒತ್ತೊತ್ತಾಗಿ, ಚಿಕ್ಕ ಚಿಕ್ಕ ಪಾಸು, ಎದುರಾಳಿಗಳು ಅಲ್ಲಿಗೆ ಮುತ್ತಿಕೊಂಡು ಕಾಲಿಗೆ ಕಾಲು ತೊಡರಿಸಿಕೊಳ್ಳುವಾಗ ಒಬ್ಬ ಮೂಲೆಗೆ ನುಗ್ಗಿ ಚೆಂಡನ್ನು ಹಿಂದಕ್ಕೆ ತಳ್ಳುತ್ತಾನೆ, ಗೋಲು. ಎಡಗಡೆ ಒಬ್ಬನೇ. ಅವನು ಗೆರೆಗೆ ಅಂಟಿಕೊಂಡು ನಿಲ್ಲಬೇಕು. ಎರಡು ಸಲ ಲೀಗ್ ಗೆದ್ದೆವು, ಪಕ್ಕದ ಕಾಲೇಜಿನ ಕೋಚುಗಳು ನೋಟ್‌ಬುಕ್ ಹಿಡಿದು ಬಂದರು, ತಾನು ಏನೋ ಧಾರವಾಡದ ಮಣ್ಣಿನ ಗುಟ್ಟನ್ನು ತಂದವನಂತೆ ಗಂಭೀರವಾಗಿ ನಿಂತ — ನಿಜ ಹೇಳಬೇಕೆಂದರೆ ಗುಟ್ಟೇನೂ ಇರಲಿಲ್ಲ, ಆ ಮೂರು ವರ್ಷ ಬಲಗಡೆ ಘಾನಾ ದೇಶದ ಒಬ್ಬ ಹುಡುಗನಿದ್ದ, ಅವನ ಕಾಲಿಗೆ ಚೆಂಡು ಸಿಕ್ಕರೆ ನಾವೆಲ್ಲ ಸುಮ್ಮನೆ ನೋಡುತ್ತ ನಿಂತರೂ ಗೋಲಾಗುತ್ತಿತ್ತು. ಅವನಿದ್ದ, ಅದಕ್ಕೇ ಬಲಗಡೆ. ಅವನು ಪಾಸಾಗಿ ಹೋದ, ಬಲಗಡೆ ಉಳಿದುಬಿಟ್ಟಿತು, ಆಮೇಲೆ ಹತ್ತು ಹದಿನೈದು ವರ್ಷ ಆಡಿಸಿದ್ದು ಅವನ ನೆನಪನ್ನು. ಈಗ ಎಲ್ಲರಿಗೂ ಗೊತ್ತು, ಎದುರು ತಂಡದವರು ಬಸ್ಸಿಳಿದವರೇ ಬಲಗಡೆ ಹೋಗಿ ನಿಲ್ಲುತ್ತಾರೆ, ಈ ವರ್ಷ ಕೆಳಗಿನಿಂದ ಎರಡನೆಯ ಸ್ಥಾನ, ಇನ್ನೊಂದು ಮೆಟ್ಟಿಲು ಇಳಿದರೆ ಕಾಲೇಜು ತಂಡವನ್ನೇ ನಿಲ್ಲಿಸುತ್ತದೆ, ಫಿಯೋನಾ ಅದನ್ನು ಜನವರಿಯಲ್ಲೇ ಹೇಳಿದ್ದಾಳೆ, ಮುಂದಿನ ವರ್ಷ ಒಂದೇ ಅವಕಾಶ, ರುಡಿ. ಹತ್ತೊಂಬತ್ತು ವರ್ಷ ರುಡಿ ಎಂದು ಕರೆಸಿಕೊಂಡದ್ದಾಯಿತು, ತಿದ್ದಲು ಹೋಗಿಲ್ಲ.

ತಿದ್ದದೆ ಇರುವುದೇ ನನ್ನ ಜಾತಕ ಎಂದುಕೊಂಡ, ಯುಗಾದಿಯ ದಿನವೂ ಅದೇ ಆಯಿತಲ್ಲ, ಲಂಡನ್ನಿನ ದಕ್ಷಿಣ ತುದಿಯ ನಮ್ಮ ಸಟನ್ನಿನಲ್ಲಿ ಒಂದು ಶಾಲೆಯ ಸಭಾಂಗಣ, ಒಬ್ಬಟ್ಟಿನ ಘಮ, ಮುನ್ನೂರು ಜನ, ವೇದಿಕೆಯ ಮೇಲೆ ತನ್ನನ್ನು ಕೂರಿಸಿ ಮೈಸೂರು ಪೇಟ ಇಟ್ಟು ಶಾಲು ಹೊದಿಸಿ ಕೈಗೆ ಹಣ್ಣಿನ ತಟ್ಟೆ ಕೊಟ್ಟಿದ್ದಾರೆ, ಪೇಟ ಒಂದಳತೆ ದೊಡ್ಡದು, ಹುಬ್ಬಿನ ಮೇಲೆ ಜಾರುತ್ತಿದೆ, ಆಗ ಮಯೂರನ ಅಪ್ಪ ಅನಂತಮೂರ್ತಿ ಮೈಕು ಹಿಡಿದು, ಇನ್ನೊಂದು ಸಂತೋಷದ ಸುದ್ದಿ ಎಂದರು. ಗುರುಗಳು ತಮ್ಮ ಪೀಠವನ್ನು ಶಿಷ್ಯನಿಗೇ ಬಿಟ್ಟುಕೊಡ್ತಾ ಇದಾರೆ, ನಮ್ಮ ಮಯೂರ್‌ಗೆ, ಇದಕ್ಕಿಂತ ಏನು ಬೇಕು ಹೇಳಿ. ಚಪ್ಪಾಳೆ ಸುರಿಯಿತು. ತಾನು ಹಾಗೆ ಹೇಳಿರಲಿಲ್ಲ, ಅರ್ಜಿ ಹಾಕಲಿ ಎಂದಿದ್ದನಷ್ಟೇ, ಆದರೆ ಶಾಲು ಹೊದಿಸಿಕೊಂಡವನು, ತಟ್ಟೆ ಹಿಡಿದವನು, ಎದ್ದು ನಿಂತು ಮುನ್ನೂರು ಜನರ ಎದುರಿಗೆ ಇಲ್ಲ ಸ್ವಾಮಿ, ಅದು ಇನ್ನೂ ತೀರ್ಮಾನವಾಗಿಲ್ಲ, ಇಂಟರ್‌ವ್ಯೂ ಇದೆ, ಕಮಿಟಿ ಇದೆ ಎಂದು ಯಾವ ಬಾಯಲ್ಲಿ ಹೇಳುವುದು, ತಟ್ಟೆಯನ್ನು ಮಡಿಲಲ್ಲಿಟ್ಟು ಕೈ ಮುಗಿದ, ಮುಗಿದ ಕೈಯನ್ನು ಜನ ಒಪ್ಪಿಗೆ ಎಂದು ತಿಳಿದರು, ತಿಳಿಯದೆ ಇನ್ನೇನು ಮಾಡಿಯಾರು. ದಾಕ್ಷಿಣ್ಯ ಎಂದರೆ ಏನು ಎಂದು ಫಿಯೋನಾ ಕೇಳಿದರೆ ಇಂಗ್ಲಿಷಿನಲ್ಲಿ ಹೇಗೆ ಹೇಳುವುದು, ಕೇಳುವುದಿಲ್ಲ ಬಿಡು, ಅವಳಿಗೆ ಆ ಕಾಯಿಲೆ ಇಲ್ಲ. ತೊಂಬತ್ತಾರರಲ್ಲಿ ಒಂದು ಸೂಟ್‌ಕೇಸು ಹಿಡಿದು ಬಂದು ಈಸ್ಟ್ ಹ್ಯಾಮಿನ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಬ್ರೆಡ್ಡು ತಿಂದು ಬೇಸತ್ತವನನ್ನು ಮನೆಗೆ ಕರೆದು ಮೂರು ತಿಂಗಳು ರಾತ್ರಿಯೂಟ ಹಾಕಿದ್ದು ಆ ಅನಂತಮೂರ್ತಿಯೇ, ಆಗ ಮಯೂರನಿಗೆ ಎರಡು ವರ್ಷ, ತನ್ನ ತೊಡೆಯ ಮೇಲೇ ಕೂತು ಅನ್ನ ಚೆಲ್ಲಾಡುತ್ತಿತ್ತು ಮಗು, ಬಿಸಿಬೇಳೆಬಾತು ಬಡಿಸುತ್ತ ಮಯೂರನ ಅಮ್ಮ ಇನ್ನೊಂಚೂರು ಹಾಕ್ಕೊಳ್ಳಿ ಎನ್ನುವಾಗ ಬೇಡ ಎನ್ನಲು ಆಗುತ್ತಿರಲಿಲ್ಲ, ಆಗಲೂ ಆಗುತ್ತಿರಲಿಲ್ಲ. ಇವತ್ತು ಬೆಳಿಗ್ಗೆ ವಿಜಯಾ ಶೂ ಲೇಸು ಕಟ್ಟಿಕೊಡುತ್ತ, ತಾನು ಬಗ್ಗಲಾರ, ಯಾರ ಹೆಸರಾದ್ರೂ ಹೇಳಿ, ಆದ್ರೆ ಸಂಜೆ ಮನೆಗೆ ಬಂದು ನನ್ನ ಮುಂದೆ ಗೋಳಾಡ್ಬೇಡಿ ಎಂದಳು. ಅವಳ ಮೈಸೂರು ಮಾತಿಗೆ ಬೆಣ್ಣೆಯ ನಯ, ಒಳಗೆ ಸೂಜಿ.

ಸರಿ, ಎಡಗಡೆ ಇರುವವನ ಕೆಲಸವೇನು ಎಂದು ಫಿಯೋನಾ ಕೇಳುತ್ತಿದ್ದಾಳೆ, ಬೋರ್ಡಿನ ಮೇಲೆ ಎಡಕ್ಕೆ ಒಂಟಿಯಾಗಿ ಬಿದ್ದಿದ್ದ ಸೊನ್ನೆಯನ್ನು ಪೆನ್ನಿನಲ್ಲಿ ತೋರಿಸಿ, ಅದರಿಂದ ಯಾವ ಬಾಣವೂ ಹೊರಟಿಲ್ಲ, ಅದಕ್ಕೆ ಯಾವ ಬಾಣವೂ ಬಂದಿಲ್ಲ. ಮಯೂರ್ ಆ ಸೊನ್ನೆಯನ್ನು ನೋಡಿದ. ಮೂವತ್ತೊಂದಾಗಿದೆ, ಸಟನ್ನಿನ ಒಂದು ಶಾಲೆಯಲ್ಲಿ ವ್ಯಾಯಾಮದ ಮೇಷ್ಟರು, ಕೂದಲು ಹಣೆಯಿಂದ ಹಿಂದೆ ಸರಿಯುತ್ತಿದೆ, ಇವತ್ತಿಗೆಂದು ಟೈ ಕಟ್ಟಿದ್ದಾನೆ, ಆದರೂ ಆ ಸೊನ್ನೆಯನ್ನು ನೋಡುವಾಗ ಹತ್ತೊಂಬತ್ತರ ಹುಡುಗ. ಅವನು ಕೈ ಎತ್ತುತ್ತಾನೆ ಎಂದ ಮಯೂರ್ ಇಂಗ್ಲಿಷಿನಲ್ಲಿ, ಚೆಂಡು ತನಗೇ ಬರುತ್ತದೆ ಎನ್ನುವಂತೆ, ಆಗ ಅವರ ಒಬ್ಬ ಆಟಗಾರ ಅವನನ್ನು ಕಾಯುತ್ತ ಅಲ್ಲೇ ಉಳಿಯುತ್ತಾನೆ, ಅದು ಈ ತಂಡದಲ್ಲಿ ಅತ್ಯಂತ ಕಷ್ಟದ ಕೆಲಸ. ಆ ಕೆಲಸವನ್ನು ಮೂರು ವರ್ಷ ಮಾಡಿದವನು ಮಯೂರನೇ. ಲೇಟನ್ನಿನ ಆಚೆಯ ಕೆಸರು ಮೈದಾನ, ಗಾಳಿ, ಮೊದಲ ದಿನದ ಅಭ್ಯಾಸ, ತಾನು ಅವನ ಹೆಗಲ ಮೇಲೆ ಕೈಯಿಟ್ಟು ಪಕ್ಕಕ್ಕೆ ಕರೆದೊಯ್ದು ಹೇಳಿದ್ದ, ಕನ್ನಡದಲ್ಲಿ, ಉಳಿದವರಿಗೆ ತಿಳಿಯಬಾರದೆಂದು. ನೀ ಗೆರಿ ಮ್ಯಾಲೆ ನಿಂದ್ರು, ಕೈ ಎತ್ತು. ಬಾಲು ನಿನ್ನ ಕಡಿಗೆ ಬರಾಂಗಿಲ್ಲ, ಆದ್ರ ಅದು ಅವರಿಗೆ ಗೊತ್ತಾಗಬಾರ್ದು. ಹೌದ್ರಿ ಸರ ಎಂದ ಹುಡುಗ. ಬೆಂಗಳೂರಿನ ತಂದೆತಾಯಿ, ಹುಟ್ಟಿದ್ದು ಲಂಡನ್ನಿನ ಆಸ್ಪತ್ರೆಯಲ್ಲಿ, ಮನೆಯಲ್ಲಿ ಅವರು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲೇ ಉತ್ತರ, ಆದರೆ ತನ್ನ ಹತ್ತಿರ ಮಾತ್ರ ಕನ್ನಡ, ಅದೂ ತನ್ನಿಂದಲೇ ಕಲಿತ ಧಾರವಾಡದ ಕನ್ನಡ, ಅನಂತಮೂರ್ತಿ ತಮಾಷೆ ಮಾಡುತ್ತಿದ್ದರು, ನಮ್ಮ ಮಗನ್ನ ನೀವು ಹುಬ್ಬಳ್ಳಿ ಬಸ್ ಸ್ಟ್ಯಾಂಡ್ ಮಾಡ್ಬಿಟ್ರಲ್ಲ ರುದ್ರೇಶ್. ಮೂರು ವರ್ಷ ಕೈ ಎತ್ತಿದ, ಒಂದು ದಿನವೂ ಯಾಕ್ರಿ ಸರ ಎಂದು ಕೇಳಲಿಲ್ಲ. ಒಂದೇ ಒಂದು ಸಲ, ಕೊನೆಯ ವರ್ಷ, ಯಾರದೋ ಕಾಲಿಗೆ ಬಡಿದು ಚೆಂಡು ತಾನಾಗಿ ಅವನ ಹತ್ತಿರ ಉರುಳಿ ಬಂತು, ಎದುರಿಗೆ ಗೋಲ್‌ಕೀಪರ್ ಒಬ್ಬನೇ, ಅವನೂ ಜಾರಿ ಬಿದ್ದಿದ್ದ, ಒಂದು ಹೊಡೆತ ಸಾಕಿತ್ತು — ಮಯೂರ್ ಅದನ್ನು ಬಲಗಡೆಗೆ ಕೊಟ್ಟ. ಆಟ ಮುಗಿದ ಮೇಲೆ ತಾನು ಎಲ್ಲರೆದುರು ಅವನ ಬೆನ್ನು ತಟ್ಟಿದ, ನೋಡ್ರಪಾ, ಶಿಸ್ತು ಅಂದ್ರ ಇದು. ಹುಡುಗ ಎಷ್ಟು ಹಿಗ್ಗಿದ್ದ ಅವತ್ತು. ಬದಲಾಯಿಸುವುದಾದರೆ ಈ ಆಟದಲ್ಲಿ ಏನನ್ನು ಬದಲಾಯಿಸುತ್ತೀರಿ ಎಂದು ತಂಡದ ನಾಯಕ ಕೇಳಿದ, ಅವನ ದನಿಯಲ್ಲಿ ಬೇಡಿಕೆ ಇತ್ತು, ಸೋತು ಸಾಕಾದ ಹುಡುಗ ಅದು, ಮಯೂರ್ ರುದ್ರೇಶನ ಕಡೆ ತಿರುಗಿ ಸಣ್ಣಗೆ ನಕ್ಕು, ಒಂದು ಗೆರೆಯನ್ನೂ ಇಲ್ಲ, ಇದು ಕೋಚ್ ಕಟ್ಟಿದ್ದು ಎಂದ. ಬೇಡವಾಗಿತ್ತು ಮಗನೇ, ಏನಾದರೊಂದು ಹೇಳಬೇಕಿತ್ತು, ಒಂದು ಗೆರೆ. ಹೊರಗೆ ಹೋಗುವ ಮುನ್ನ ಅವನು ರುದ್ರೇಶನ ಕುರ್ಚಿಯ ಹತ್ತಿರ ಬಗ್ಗಿ ಪಿಸುಗುಟ್ಟಿದ, ಅಪ್ಪನ ಕಾರು ತಂದೀನ್ರಿ ಸರ, ಹೊರಗ ನಿಂತಿರ್ತೀನಿ, ಕೂಡೇ ಮನೀಗೆ ಹೋಗೋಣು, ನಿಮಗ ಟ್ರೇನ್ ಮೆಟ್ಟಿಲು ಬ್ಯಾಡ. ಅವನ ಮೈಯಿಂದ ಹೊಸ ಅಂಗಿಯ ವಾಸನೆ ಬರುತ್ತಿತ್ತು.

ತನ್ಮಯಿ ಬೋರ್ಡನ್ನು ಅಳಿಸಲಿಲ್ಲ. ಅದೇ ಚಿತ್ರದ ಪಕ್ಕದಲ್ಲಿ ನಿಂತು, ಇದರಿಂದಲೇ ಶುರು ಮಾಡುತ್ತೇನೆ ಎಂದಳು, ಸಪೂರ ಹುಡುಗಿ, ಮೈಸೂರಿನ ಡಾಕ್ಟರ್ ದಂಪತಿಯ ಮಗಳು, ಅಪ್ಪ ಅಮ್ಮ ಇಬ್ಬರೂ ಆಸ್ಪತ್ರೆಯ ಪಾಳಿಗಳಲ್ಲಿ ಮುಳುಗಿದ್ದಾಗ ಸಟನ್ನಿನ ಪಾರ್ಕಿನಲ್ಲಿ ಹುಡುಗರ ಜೊತೆ ಚೆಂಡು ಒದ್ದು ಬೆಳೆದವಳು, ಡಾಕ್ಟರಾಗದೆ ಫುಟ್‌ಬಾಲ್ ಹಿಡಿದಳೆಂದು ಆ ಮನೆಯಲ್ಲಿ ಎರಡು ವರ್ಷ ಮಾತುಕತೆ ನಿಂತಿತ್ತಂತೆ, ಈಗ ಪಕ್ಕದ ಕಾಲೇಜಿನ ಹೆಣ್ಣುಮಕ್ಕಳ ತಂಡವನ್ನು ಲೀಗಿನಲ್ಲಿ ಎರಡು ದರ್ಜೆ ಮೇಲೆ ಹತ್ತಿಸಿದ್ದಾಳೆ. ಹಬ್ಬದ ಊಟದಲ್ಲಿ ಅಂಕಲ್, ಮೈದಾನದಲ್ಲಿ ಕೋಚ್, ಅವಳು ಎಂದೂ ತಪ್ಪಿ ಅದಲುಬದಲು ಮಾಡಿದವಳಲ್ಲ. ಕಳೆದ ಎರಡು ವರ್ಷದ ಪಂದ್ಯಗಳ ವಿಡಿಯೋ ನೋಡಿದೆ, ಎಡಗಡೆಯವನು ಯಾರ ಕಾವಲೂ ಇಲ್ಲದೆ ಕೈ ಎತ್ತಿ ನಿಂತದ್ದು ಇನ್ನೂರ ಹನ್ನೊಂದು ಸಲ, ಅವನಿಗೆ ಚೆಂಡು ಹೋದದ್ದು ಆರು ಸಲ, ಎಂದಳು. ಮೊದಲು ಅವನ ಕೈ ಒಬ್ಬ ಎದುರಾಳಿಯನ್ನಾದರೂ ಹಿಡಿದಿಡುತ್ತಿತ್ತು, ಈಗ ಯಾರೂ ಅವನನ್ನು ನಂಬುವುದಿಲ್ಲ, ಈ ತಂಡ ಹತ್ತೇ ಜನರಲ್ಲಿ ಆಡುತ್ತಿದೆ. ನನ್ನ ಆಟದಲ್ಲಾದರೆ ಮೊದಲ ಪಾಸೇ ಎಡಕ್ಕೆ, ಎದುರಾಳಿ ತಿರುಗುವಷ್ಟರಲ್ಲಿ ನಡುವಿಗೆ, ಬಲ ಎಡ ಎರಡೂ ಜೀವಂತ ಇರಬೇಕು. ಇದು ಹೊಸ ತೊಂದರೆಯೇನಲ್ಲ ಎಂದು ಹಳೆಯದೊಂದು ವಿಡಿಯೋ ಹಾಕಿದಳು, ಹನ್ನೊಂದು ವರ್ಷದ ಹಿಂದಿನದು, ತಂಡದ ಪುಟದಲ್ಲಿ ಸಿಕ್ಕಿತಂತೆ, ಯಾರೋ ಗೆರೆಯ ಪಕ್ಕದಲ್ಲಿ ನಿಂತು ಫೋನಿನಲ್ಲಿ ತೆಗೆದದ್ದು, ಚಿತ್ರ ನಡುಗುತ್ತದೆ, ಮುಖಗಳು ಕಾಣುವುದಿಲ್ಲ. ಯಾರೋ ಏನು, ವಿಜಯಾ. ಅವಳು ಬಂದಿದ್ದೇ ಆ ಒಂದು ಪಂದ್ಯಕ್ಕೆ, ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದಳು. ಪರದೆಯ ಬಲಗಡೆ ಗುಂಪು, ಗಲಾಟೆ, ಕೆಸರು, ಎಡಗಡೆ ಇಷ್ಟಗಲ ಹಸಿರಿನಲ್ಲಿ ಒಬ್ಬ, ಕಾಲುಚೀಲ ಕೆಳಗೆ ಜಾರಿದೆ, ಕೈ ಮೇಲಿದೆ, ಆ ಕಾಲುಚೀಲ ಯಾರದೆಂದು ಈ ಕೋಣೆಯಲ್ಲಿ ತನಗೊಬ್ಬನಿಗೇ ಗೊತ್ತು. ಆಗ ಪರದೆಯೊಳಗಿಂದ ಅವಳ ದನಿ, ಸ್ಪಷ್ಟವಾಗಿ, ಅಡುಗೆಮನೆಯಿಂದ ಕೇಳಿದಷ್ಟು ಹತ್ತಿರದಿಂದ — ರೀ, ಆ ಕಡೆ ಒಬ್ಬ ನಿಂತಿದಾನಲ್ಲಾ ಪಾಪ, ಅವನಿಗ್ಯಾಕೆ ಕೊಡಲ್ಲ. ಆಮೇಲೆ ತನ್ನದೇ ನಗು, ಹನ್ನೊಂದು ವರ್ಷ ಚಿಕ್ಕವನ ನಗು, ನಿನಗ ತಿಳಿಯಾಂಗಿಲ್ಲ ಸುಮ್ನಿರು. ಫಿಯೋನಾಗೆ ಅರ್ಥವಾಗಲಿಲ್ಲ, ಯಾರಿಗೂ ಅರ್ಥವಾಗಲಿಲ್ಲ, ತನ್ಮಯಿ ಮಾತ್ರ ತಟ್ಟನೆ ರುದ್ರೇಶನ ಕಡೆ ನೋಡಿ ಕಣ್ಣು ಕೆಳಗೆ ಹಾಕಿದಳು, ಅವಳು ಆ ದನಿಯನ್ನು ಅಡಗಿಸಿ ತೋರಿಸಬೇಕಿತ್ತು, ಮರೆತಿದ್ದಳು. ನಾಚಿಕೆಯಾಯಿತು ರುದ್ರೇಶನಿಗೆ, ಅರವತ್ತೊಂದನೆಯ ವಯಸ್ಸಿನಲ್ಲಿ ಹೀಗೆ ಕಿವಿ ಬಿಸಿಯಾಗುವಂಥ ನಾಚಿಕೆ. ಫುಟ್‌ಬಾಲ್ ಎಂದರೆ ಇಪ್ಪತ್ತೆರಡು ಜನ ಯಾಕೆ ಓಡುತ್ತಾರೆ ಎಂದು ತಿಳಿಯದ ಹೆಂಗಸಿಗೆ ಕಂಡದ್ದು, ತನಗೆ ಕಂಡಿರಲಿಲ್ಲವೇ, ಕಂಡಿತ್ತು, ಕಂಡಿತ್ತು, ಪ್ರತಿ ಬುಧವಾರ ಕಂಡಿತ್ತು.

ಚಹಾ ಬಂತು, ತೆಳ್ಳಗಿನದು, ಚೀಲ ಇನ್ನೂ ತೇಲುತ್ತಿತ್ತು. ಹಳೆಯ ವಿದ್ಯಾರ್ಥಿಗಳ ಪ್ರತಿನಿಧಿಗೆ ಮಯೂರ್ ಬೇಕು, ಆರು ವರ್ಷ ಸಂಬಳವಿಲ್ಲದೆ ರುಡಿಯ ಪಕ್ಕ ನಿಂತ ಮನುಷ್ಯ, ಅಂಥ ನಿಷ್ಠೆ ಈ ಕಾಲದಲ್ಲಿ ಎಲ್ಲಿದೆ. ಮಾನವ ಸಂಪನ್ಮೂಲದ ಹೆಂಗಸಿಗೂ ಮಯೂರ್, ಪರಿಚಿತ ಕೈ, ಅಪಾಯ ಕಡಿಮೆ. ತಂಡದ ನಾಯಕ ತಲೆ ತಗ್ಗಿಸಿ ತನ್ಮಯಿ ಎಂದ, ರುದ್ರೇಶನ ಮುಖ ನೋಡದೆ. ಫಿಯೋನಾ ಕೂಡ ತನ್ಮಯಿ. ಇಬ್ಬರು ಇಬ್ಬರು, ಉಳಿದದ್ದು ನೀವು, ನೀವು ಹೇಳಿದ್ದೇ ಕೊನೆ ಎಂದು ಪೆನ್ನು ಕೆಳಗಿಟ್ಟಳು. ಇಬ್ಬರನ್ನೂ ಇಟ್ಟುಕೊಳ್ಳಬಹುದೇ ಎಂದು ಕೇಳಿದ, ಗೊತ್ತಿದ್ದೂ ಕೇಳಿದ, ಒಬ್ಬರ ಸಂಬಳವೇ ಕಷ್ಟದಲ್ಲಿದೆ, ಅಲ್ಲದೆ ತನ್ಮಯಿ ಬಲಗೈ ಆಟಕ್ಕೆ ಸಹಾಯಕಿಯಾಗಿ ಬರುವುದಿಲ್ಲವೆಂದು ಮೊದಲೇ ಬರೆದುಕೊಟ್ಟಿದ್ದಾಳೆ. ಮಯೂರ್ ಎನ್ನಲು ಎಷ್ಟು ಹೊತ್ತು, ಮೂರಕ್ಷರ, ಸಟನ್ನಿನಲ್ಲಿ ಹೋಳಿಗೆ ಮಾಡುತ್ತಾರೆ, ಅನಂತಮೂರ್ತಿ ಮನೆಗೆ ಬಂದು ಕೈ ಹಿಡಿದುಕೊಂಡು ಅಳುತ್ತಾರೆ, ಆ ಮನುಷ್ಯ ಸಂತೋಷಕ್ಕೂ ಅಳುತ್ತಾರೆ, ಬೋರ್ಡಿನ ಮೇಲೆ ತನ್ನ ಗೆರೆಗಳು ಹಾಗೇ ಉಳಿಯುತ್ತವೆ, ಸೊಟ್ಟ ಬಾಣದ ಸಮೇತ, ಒಂದು ವರ್ಷ. ಒಂದೇ ವರ್ಷ. ಆಮೇಲೆ ತಂಡವೇ ಇಲ್ಲ, ಆ ನಾಯಕ ಹುಡುಗನೂ ಇಲ್ಲ, ಆ ಸೋಲು ಮಯೂರನ ಹೆಸರಿಗೆ, ಹತ್ತೊಂಬತ್ತು ವರ್ಷದ ನನ್ನ ತಪ್ಪನ್ನು ಆ ಹುಡುಗ ಒಬ್ಬನೇ ಹೊತ್ತು ಮೈದಾನದ ದೀಪ ಆರಿಸಿ ಬರಬೇಕು, ಬರುತ್ತಾನೆ ಕೂಡ, ಹೌದ್ರಿ ಸರ ಎನ್ನುತ್ತ. ಮತ್ತೆ ತನ್ಮಯಿ ಎಂದರೆ. ಎಂದರೆ ಯುಗಾದಿಯ ಚಪ್ಪಾಳೆ ಸುಳ್ಳು, ಶಾಲು ಸುಳ್ಳು, ತೊಡೆಯ ಮೇಲೆ ಚೆಲ್ಲಿದ ಅನ್ನ, ಅನಂತಮೂರ್ತಿಯ ಬಾಗಿಲಿಗೆ ಮುಂದೆ ಯಾವ ಮುಖ ಹೊತ್ತು ಹೋಗುವುದು. ಮತ್ತೆ ಆ ಹಸಿರು, ಆ ಜಾರಿದ ಕಾಲುಚೀಲ, ಮೇಲಿರುವ ಕೈ — ಅವನು ಎಂದಾದರೂ ಏನಾದರೂ ಕೇಳಿದ್ದನೇ, ಇಲ್ಲ, ಈ ಜಾಗವೊಂದನ್ನೇ ಕೇಳಿದ್ದು, ಮೂವತ್ತೊಂದು ವರ್ಷದಲ್ಲಿ ಇದೊಂದೇ. ಎಷ್ಟು ದಣಿವು ಈ ಕೋಣೆಯಲ್ಲಿ, ಯಾರಾದರೂ ಆ ಹೀಟರ್ ಆರಿಸಬಾರದೇ. ತನ್ಮಯಿ, ಎಂದ ರುದ್ರೇಶ. ದನಿ ತನ್ನದೇ ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಕಾರಣ ದಾಖಲಿಸಬೇಕು ಎಂದಳು ಮಾನವ ಸಂಪನ್ಮೂಲದವಳು, ಬೆರಳು ಕೀಲಿಮಣೆಯ ಮೇಲೆ. ಅವಳಿಗೆ ಎಡಗಡೆ ಕಾಣಿಸುತ್ತದೆ, ಎಂದ. ಅದನ್ನು ಹಾಗೇ ಟೈಪು ಮಾಡಿದರು. ನಾಯಕ ಹುಡುಗ ಉಸಿರು ಬಿಟ್ಟದ್ದು ಕೇಳಿಸಿತು, ಫಿಯೋನಾ ಮೇಜಿನಾಚೆಯಿಂದ ಕೈ ಚಾಚಿ ಇವನ ಕೈಯನ್ನು ಒಂದು ಸಲ ಒತ್ತಿದಳು, ನಾಳೆ ಬೆಳಿಗ್ಗೆ ಇಬ್ಬರಿಗೂ ಪತ್ರ ಹೋಗುತ್ತದೆ, ಅಲ್ಲಿಯವರೆಗೆ ಯಾರಿಗೂ ಹೇಳುವಂತಿಲ್ಲ, ನಿಯಮ.

ನಿಯಮ, ಸರಿ, ಲಿಫ್ಟು ಕೆಟ್ಟಿದೆ, ಮೂರು ಮಹಡಿ, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು, ಎಡಗಾಲು ಮೊದಲು, ನೋವಿನ ಕಾಲು ಮೊದಲು ಇಳಿಯಬೇಕು ಎಂದು ಎಷ್ಟು ಸಾವಿರ ಜನಕ್ಕೆ ಹೇಳಿಕೊಟ್ಟಿದ್ದೇನೆ, ಎರಡೂ ನೋವಿನ ಕಾಲಾದರೆ ಯಾವುದು ಮೊದಲು ಎಂದು ಯಾರೂ ಕೇಳಲಿಲ್ಲ. ಸ್ಟ್ರಾಟ್‌ಫರ್ಡಿನಿಂದ ಸಟನ್ನಿಗೆ ಕಾರಿನಲ್ಲಿ ಈ ಹೊತ್ತಿನಲ್ಲಿ ಎರಡು ಗಂಟೆಯಾದರೂ ಆದೀತು, ನದಿಯ ಕೆಳಗಿನ ಸುರಂಗದಲ್ಲೇ ಅರ್ಧ ಗಂಟೆ ನಿಲ್ಲಬೇಕು, ಅಷ್ಟು ಹೊತ್ತು ಪಕ್ಕದಲ್ಲಿ ಕೂತು ಏನು ಮಾತಾಡುವುದು, ಮಂಡಿಯ ಬಗ್ಗೆ, ಹವೆಯ ಬಗ್ಗೆ, ಅವನು ಕೇಳುವುದೂ ಇಲ್ಲ, ಅದೇ ಕಷ್ಟ, ಏನಾಯ್ತ್ರಿ ಸರ ಎಂದು ಬಾಯಿಬಿಟ್ಟು ಕೇಳುವ ಹುಡುಗನಾಗಿದ್ದರೆ ಬೈದಾದರೂ ಬಾಯಿ ಮುಚ್ಚಿಸಬಹುದಿತ್ತು, ಅವನು ಸುಮ್ಮನೆ ಸೀಟನ್ನು ಹಿಂದಕ್ಕೆ ಸರಿಸಿ ನನ್ನ ಕಾಲಿಗೆ ಜಾಗ ಮಾಡಿಕೊಡುತ್ತಾನೆ. ಹೇಳಿಬಿಡಲೇ, ನಿಯಮ ಮುರಿದು, ಸುರಂಗದೊಳಗೆ, ಮುಖ ಕಾಣದ ಹಾಗೆ. ಏನೆಂದು ಹೇಳುವುದು, ನೀನು ಒಳ್ಳೆಯವನು, ನನ್ನ ಆಟ ಒಳ್ಳೆಯದಲ್ಲ, ನೀನು ಅದನ್ನು ನನಗಿಂತ ಹೆಚ್ಚು ನಂಬಿದೆ, ಅದೇ ನಿನ್ನ ತಪ್ಪು, ಆ ತಪ್ಪನ್ನು ನಿನಗೆ ಕಲಿಸಿದವನು ನಾನು. ಕನ್ನಡದಲ್ಲಿ ಹೇಳಿದರೆ ಅವನಿಗೆ ಎದೆಗೆ ನಾಟುತ್ತದೆ, ಇಂಗ್ಲಿಷಿನಲ್ಲಿ ಹೇಳಿದರೆ ನಾನು ಅವನನ್ನು ಹೊರಗಿನವನಾಗಿ ಮಾಡಿದೆ ಎಂದುಕೊಳ್ಳುತ್ತಾನೆ. ಟ್ರೇನಿಗೇ ಹೋಗಿಬಿಡಲೇ, ಹಿಂದಿನ ಬಾಗಿಲಿನಿಂದ, ಛೇ, ಎಂಥ ಯೋಚನೆ, ಇಷ್ಟಕ್ಕೆ ಇಳಿದೆನೇ. ಗಾಜಿನ ಬಾಗಿಲು ತಾನಾಗಿ ತೆರೆಯಿತು, ಹೊರಗೆ ಇನ್ನೂ ಬಿಸಿಲು, ಆರರ ಹತ್ತಿರದ ಉದ್ದ ಬಿಸಿಲು, ಆಫೀಸು ಬಿಟ್ಟ ಜನ, ಬಸ್ಸುಗಳು, ಮಾಲಿನ ಕಡೆಯಿಂದ ಚೀಲ ಹೊತ್ತು ಬರುವವರು, ಎಲ್ಲರೂ ಬಲಕ್ಕೆ, ಸ್ಟೇಷನ್ನಿನ ಕಡೆಗೆ, ಒತ್ತೊತ್ತಾಗಿ, ಇವನನ್ನೂ ತಳ್ಳಿಕೊಂಡು, ಕಣ್ಣಿಗೆ ಬಿಸಿಲು ಹೊಡೆಯುತ್ತದೆ, ಹಣೆಯ ಮೇಲೆ ಕೈಯಿಟ್ಟು ನೋಡುತ್ತಾನೆ, ಎಲ್ಲಿದ್ದಾನೆ ಹುಡುಗ, ಈ ಗುಂಪಿನಲ್ಲಿ ಇಲ್ಲ, ಮೆಟ್ಟಿಲ ಹತ್ತಿರ ಇಲ್ಲ, ಹೋಗಿಬಿಟ್ಟನೇ, ಹೋಗಿದ್ದರೆ ಒಳ್ಳೆಯದಿತ್ತು, ಇಲ್ಲ, ಅಗೋ, ರಸ್ತೆಯ ಆಚೆ, ಎಡಗಡೆ, ಯಾರೂ ಇಲ್ಲದ ಕಡೆ, ಕಾಲುದಾರಿಯ ಅಂಚಿಗೆ ಅಂಟಿಕೊಂಡು ಮಯೂರ್ ನಿಂತಿದ್ದಾನೆ, ಟೈ ಸಡಿಲ ಮಾಡಿಕೊಂಡಿದ್ದಾನೆ, ಇವನನ್ನು ಕಂಡು, ಇಲ್ಲಿದೀನ್ರಿ ಸರ ಎಂದು, ಕೈ ಎತ್ತಿದ್ದಾನೆ, ನಡುವೆ ಒಂದು ಬಸ್ಸು ಹಾದು ಹೋಯಿತು, ಇನ್ನೊಂದು ಹಾದು ಹೋಯಿತು, ಕೈ ಮೇಲೇ ಇದೆ, ರುದ್ರೇಶ ಹೆಜ್ಜೆ ಕೀಳಲಾರದೆ ನಿಂತ, ಕೈ ಮೇಲೇ ಇದೆ.